ಕದ್ದ ದುಡ್ಡಿಗೂ ಬ್ಯಾಂಕ್ ಖಾತೆ ಬೇಕು

ಪ್ರಶ್ನೆ: ನಮ್ಮ ಮಾವನವರು ನಿವೃತ್ತ ಮೇಷ್ಟ್ರು. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ಅವರಿಂದ 18 ಲಕ್ಷ ರೂಪಾಯಿ ಹಾಕಿಸಿಕೊಂಡರು. ದೂರು ಕೊಟ್ಟಾಗ, ಹಣ ಬೇರೆ ಬೇರೆ ರಾಜ್ಯಗಳ ಖಾತೆ ದಾಟಿ, ಕ್ರಿಪ್ಟೊ ಆಗಿ ಹೊರದೇಶಕ್ಕೆ ಹೋಗಿದೆ ಅಂದರು. ಇಷ್ಟು ದೊಡ್ಡ ಜಾಲ ನಡೆಸುವವರು ಯಾರು? ಮಾಫಿಯಾ ಅನ್ನುವುದು ಇದಕ್ಕೇನಾ? ಜಗತ್ತಿನಲ್ಲಿ ಇಂಥ ದುಡ್ಡು ಒಟ್ಟು ಎಷ್ಟಿದೆ, ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ? — ದಾವಣಗೆರೆಯ ಒಬ್ಬ ಓದುಗರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ದುಡ್ಡು ಹೋಗಿ ಸೇರುವುದು ನಾವು ನೀವು ಓಡಾಡುವ ಜಾಗಗಳಿಗೇ. ಬ್ಯಾಂಕು, ಅಪಾರ್ಟ್‌ಮೆಂಟು, ಹೋಟೆಲು, ಕಟ್ಟಡದ ಗುತ್ತಿಗೆ, ಷೇರು. ಕಳ್ಳ ದುಡ್ಡಿಗೆ ಅಂತ ಬೇರೆ ಲೋಕ ಇಲ್ಲ. ಬ್ಯಾಂಕಿನಲ್ಲಿದ್ದಾಗ ಅನುಮಾನ ಬಂದ ವಹಿವಾಟುಗಳನ್ನು ಪರಿಶೀಲಿಸುವ ವಿಭಾಗದಲ್ಲಿ ನಾನೂ ಕೆಲಸ ಮಾಡಿದ್ದೇನೆ. ಅಲ್ಲಿ ಕೂತವರಿಗೆ ಬಂದೂಕು ಕಾಣುವುದಿಲ್ಲ. ಅಚ್ಚುಕಟ್ಟಾಗಿ ತುಂಬಿದ ಫಾರಂ, ಸರಿಯಾದ ಪ್ಯಾನ್ ನಂಬರು, ಅಂಗಡಿಯ ಬಾಡಿಗೆ ಕರಾರು ಪತ್ರ, ಇಷ್ಟೇ ಕಾಣುತ್ತದೆ.

ಒಟ್ಟು ಎಷ್ಟು ಅಂತ ಕೇಳಿದ್ದೀರಿ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅಪರಾಧಿಗಳು ಆಡಿಟ್ ವರದಿ ಸಲ್ಲಿಸುವುದಿಲ್ಲ, ಹಾಗಾಗಿ ಎಲ್ಲವೂ ಅಂದಾಜು. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2011ರಲ್ಲಿ ಒಂದು ಲೆಕ್ಕ ಹಾಕಿತು. 2009ರಲ್ಲಿ ಜಗತ್ತಿನ ಎಲ್ಲ ಅಪರಾಧಗಳ ಗಳಿಕೆ ಸುಮಾರು 2.1 ಲಕ್ಷ ಕೋಟಿ ಡಾಲರ್, ಅಂದರೆ ಜಗತ್ತಿನ ಒಟ್ಟು ಉತ್ಪನ್ನದ 3.6%. ಆ ವರ್ಷ ಇಡೀ ಭಾರತದ ಜಿಡಿಪಿ ಕೂಡ ಇಷ್ಟಿರಲಿಲ್ಲ! ಇದರಲ್ಲಿ ಗಡಿ ದಾಟಿ ನಡೆಯುವ ಸಂಘಟಿತ ಅಪರಾಧದ ಪಾಲು ಸುಮಾರು 87,000 ಕೋಟಿ ಡಾಲರ್. ಆದರೆ ಅದೇ ವರದಿ, 3.6% ಅನ್ನುವುದು 2.3ರಿಂದ 5.5ರವರೆಗೆ ಎಲ್ಲಿ ಬೇಕಾದರೂ ಇರಬಹುದು ಅಂತಲೂ ಹೇಳಿದೆ. ಈ ಎರಡನೇ ಮಾತನ್ನು ಪತ್ರಿಕೆಗಳು ಬರೆಯುವುದು ಕಡಿಮೆ.

ಇನ್ನೊಂದು ಉದಾಹರಣೆ ನೋಡಿ. ಇಟಲಿಯ ‘ನ್‌ದ್ರಾಂಗೆಟಾ ಅನ್ನುವ ಮಾಫಿಯಾದ ವರ್ಷದ ವಹಿವಾಟು 5,300 ಕೋಟಿ ಯೂರೊ ಅಂತ 2014ರಲ್ಲಿ ಒಂದು ಸಂಸ್ಥೆ ಹೇಳಿತು. ಮೆಕ್‌ಡೊನಾಲ್ಡ್ಸ್ ಮತ್ತು ಡಾಯ್ಚ ಬ್ಯಾಂಕ್ ಎರಡನ್ನೂ ಕೂಡಿಸಿದರೂ ಅದಕ್ಕಿಂತ ಕಡಿಮೆ ಅಂತ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದಕ್ಕೂ ಒಂದು ವರ್ಷ ಮೊದಲು ಮಿಲಾನಿನ ಟ್ರಾನ್ಸ್‌ಕ್ರೈಮ್ ಸಂಶೋಧಕರು ಒಂದೊಂದೇ ದಂಧೆ ಹಿಡಿದು ಲೆಕ್ಕ ಹಾಕಿದ್ದರು. ಅವರಿಗೆ ಸಿಕ್ಕಿದ್ದು ಸುಮಾರು 350 ಕೋಟಿ ಯೂರೊ. ಹದಿನೈದು ಪಟ್ಟು ವ್ಯತ್ಯಾಸ! ನನಗೆ ಚಿಕ್ಕ ಲೆಕ್ಕದ ಮೇಲೇ ನಂಬಿಕೆ ಜಾಸ್ತಿ. ಅವರು ಹೇಗೆ ಲೆಕ್ಕ ಹಾಕಿದರು ಅನ್ನುವುದನ್ನು ಬಿಡಿಸಿ ತೋರಿಸಿದ್ದಾರೆ. ‘ಅಪರಾಧ ಜಗತ್ತಿನ ಮೂರನೇ ದೊಡ್ಡ ಆರ್ಥಿಕತೆ’ ಅನ್ನುವ ವಾಟ್ಸ್ಆ್ಯಪ್ ಸಂದೇಶ ಬಂದರೆ ಸುಮ್ನೆ ಮುಂದೆ ಹೋಗಿ. ಅಂಕಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಆ ದುಡ್ಡು ಹೇಗೆ ಓಡಾಡುತ್ತದೆ ಅನ್ನುವುದನ್ನು ತಿಳಿದರೆ ಉಪಯೋಗ ಹೆಚ್ಚು.

ಅದಕ್ಕೆ ಕೊಕೇನ್ ಒಳ್ಳೆಯ ಉದಾಹರಣೆ. ಕೋಕಾ ಎಲೆ ಬೆಳೆಯುವುದು ಕೊಲಂಬಿಯಾ, ಪೆರು, ಬೊಲಿವಿಯಾದ ಬಡ ರೈತರು. 2009ರಲ್ಲಿ ಕೊಕೇನ್ ದಂಧೆಯ ಒಟ್ಟು ಲಾಭ ಸುಮಾರು 8,400 ಕೋಟಿ ಡಾಲರ್. ರೈತರಿಗೆ ಸಿಕ್ಕಿದ್ದು ಸುಮಾರು 100 ಕೋಟಿ. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಲಾಭದ ದೊಡ್ಡ ಪಾಲು ಹುಟ್ಟಿದ್ದು ಅಮೆರಿಕದಲ್ಲಿ ಮತ್ತು ಪಶ್ಚಿಮ ಯೂರೋಪಿನಲ್ಲಿ, ಅಂದರೆ ಕೊಳ್ಳುವವರು ಇರುವ ಊರುಗಳಲ್ಲಿ. ನಮ್ಮಲ್ಲಿ ಟೊಮೆಟೊ ಬೆಳೆದವರ ಕಥೆಯೂ ಹೀಗೇ ಅಲ್ವಾ? ಹೊಲದಲ್ಲಿ ಮೂರು ಕಾಸು, ಪೇಟೆಯಲ್ಲಿ ಮೂವತ್ತು. ನಡುವೆ ಇರುವ ರಿಸ್ಕನ್ನು ಹೊರುವವನಿಗೆ ಲಾಭ. ರಿಸ್ಕ್ ಹೆಚ್ಚಾದಷ್ಟೂ ಬೆಲೆ ಏರುತ್ತದೆ. ಪೊಲೀಸರು ಹಿಡಿದಷ್ಟೂ ದಂಧೆ ಸಾಯದೇ ಇರಲು ಇದೂ ಒಂದು ಕಾರಣ. 2023ರಲ್ಲಿ ಜಗತ್ತಿನಲ್ಲಿ ತಯಾರಾದ ಕೊಕೇನ್ 3,708 ಟನ್ ಅಂತ ವಿಶ್ವಸಂಸ್ಥೆಯ ಅಂದಾಜು. ಅದೇ ವರ್ಷ ಬೆಲ್ಜಿಯಂನ ಆಂಟ್ವರ್ಪ್ ಬಂದರು ಒಂದರಲ್ಲೇ 116 ಟನ್ ಹಿಡಿದರು. ಅದು ದಾಖಲೆ. ಹಾಗಂತ ಯೂರೋಪಿನ ಬೀದಿಯಲ್ಲಿ ಕೊಕೇನ್‌ಗೆ ಬರ ಬರಲಿಲ್ಲ.

ಈಗ ಮಾಫಿಯಾ ವಿಷಯ. ಇಟಲಿಯ ನಕ್ಷೆಯಲ್ಲಿ ಬೂಟಿನ ತುದಿಯಂತೆ ಕಾಣುವ ಭಾಗ ಕಲಾಬ್ರಿಯಾ. ಗುಡ್ಡಗಾಡು, ಬಡತನ. ‘ನ್‌ದ್ರಾಂಗೆಟಾದ ತವರು ಇದೇ. ಸಿಸಿಲಿಯ ಮಾಫಿಯಾದಷ್ಟು ಹೆಸರು ಇದಕ್ಕೆ ಬಹಳ ಕಾಲ ಇರಲಿಲ್ಲ. ಇದರ ಘಟಕಗಳು ರಕ್ತಸಂಬಂಧದ ಕುಟುಂಬಗಳು. ಅಣ್ಣ ತಮ್ಮ, ಬೀಗರು, ಸೋದರಳಿಯ. ಹಾಗಾಗಿ ಪೊಲೀಸರ ಮುಂದೆ ಬಾಯಿ ಬಿಡುವವರು ಕಡಿಮೆ. ಬಾಯಿ ಬಿಟ್ಟರೆ ಜೈಲಿಗೆ ಕಳಿಸುವುದು ಸ್ವಂತ ಅಪ್ಪನನ್ನೇ.

1970ರ ದಶಕದಲ್ಲಿ ಇವರ ಮುಖ್ಯ ಕಸುಬು ಶ್ರೀಮಂತರನ್ನು ಅಪಹರಿಸುವುದು. 1973ರಲ್ಲಿ ತೈಲ ಕುಬೇರ ಗೆಟ್ಟಿಯ ಹದಿನಾರು ವರ್ಷದ ಮೊಮ್ಮಗನನ್ನು ರೋಮ್‌ನಲ್ಲಿ ಎತ್ತಿಕೊಂಡು ಹೋಗಿ, ಕಿವಿ ಕತ್ತರಿಸಿ ಪತ್ರಿಕೆಯೊಂದಕ್ಕೆ ಅಂಚೆಯಲ್ಲಿ ಕಳಿಸಿದ ಪ್ರಕರಣ ಎಲ್ಲರಿಗೂ ಗೊತ್ತು. ಆ ಕಾಲದ ಒತ್ತೆಹಣ ಎಲ್ಲಿ ಹೋಯಿತು ಅನ್ನುವುದು ನನಗೆ ಕಿವಿಗಿಂತ ಮುಖ್ಯ. ಕಲಾಬ್ರಿಯಾದ ಗ್ಯಾಂಗುಗಳು ಆ ದುಡ್ಡಿನಲ್ಲಿ ಲಾರಿ ಕೊಂಡವು, ಮಣ್ಣು ತೋಡುವ ಯಂತ್ರ ಕೊಂಡವು, ರಸ್ತೆ ಮತ್ತು ಕಟ್ಟಡದ ಉಪಗುತ್ತಿಗೆ ಹಿಡಿದವು. ಸರ್ಕಾರದ ಅಭಿವೃದ್ಧಿ ಹಣ ಕಲಾಬ್ರಿಯಾಕ್ಕೆ ಹರಿದು ಬಂದಾಗ ಅದನ್ನು ಹಿಡಿಯಲು ಪಾತ್ರೆ ಹಿಡಿದು ನಿಂತಿದ್ದವರು ಇವರೇ. 1991ರಲ್ಲಿ ಇಟಲಿ ಒಂದು ಕಠಿಣ ಕಾನೂನು ತಂದಿತು. ಯಾರನ್ನಾದರೂ ಅಪಹರಿಸಿದರೆ ಆ ಕುಟುಂಬದ ಆಸ್ತಿಯನ್ನೇ ತಡೆಹಿಡಿಯುವುದು, ಒತ್ತೆಹಣ ಕೊಡಲು ಆಗದಂತೆ ಮಾಡುವುದು. ಕೇಳಲು ಕ್ರೂರ. ಆದರೆ ಆ ದಂಧೆ ಬತ್ತಿತು. ಅಷ್ಟರಲ್ಲಿ ಇವರು ಕೊಕೇನ್‌ಗೆ ಹೊರಳಿ ಆಗಿತ್ತು. 1995ರಿಂದ ಜೋಯಾ ತೌರೊ ಅನ್ನುವ ದೊಡ್ಡ ಕಂಟೇನರ್ ಬಂದರು ಅವರ ಮನೆಯಂಗಳದಲ್ಲೇ ಕೆಲಸ ಶುರು ಮಾಡಿತು.

ಜರ್ಮನಿಯವರು ಇದನ್ನೆಲ್ಲ ಇಟಲಿಯ ತಲೆನೋವು ಅಂದುಕೊಂಡಿದ್ದರು. 2007ರ ಆಗಸ್ಟ್ 15ರಂದು ಡ್ಯೂಸ್‌ಬರ್ಗ್ ನಗರದ ಒಂದು ಪಿಜ್ಜಾ ಹೋಟೆಲಿನ ಮುಂದೆ ಆರು ಜನರನ್ನು ಗುಂಡಿಟ್ಟು ಕೊಂದರು. ಕಲಾಬ್ರಿಯಾದ ಸಾನ್ ಲೂಕಾ ಅನ್ನುವ ಹಳ್ಳಿಯ ಎರಡು ಬಣಗಳ ಹಳೇ ಜಗಳ ಅದು. ಆಗ ಎಚ್ಚರವಾಯಿತು. ನಿಜ ಹೇಳಬೇಕೆಂದರೆ ಆ ಕೊಲೆ ಅವರ ಕಡೆಯಿಂದ ಆದ ದೊಡ್ಡ ಎಡವಟ್ಟು. ಬುದ್ಧಿವಂತ ಮಾಫಿಯಾ ಹೊರದೇಶದಲ್ಲಿ ರಕ್ತ ಹರಿಸುವುದಿಲ್ಲ. ಹೋಟೆಲ್ ನಡೆಸುತ್ತದೆ, ತೆರಿಗೆ ಕಟ್ಟುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

2021ರ ಜನವರಿಯಲ್ಲಿ ಕಲಾಬ್ರಿಯಾದ ಲಮೆತ್ಸಿಯಾ ತೆರ್ಮೆ ಊರಿನಲ್ಲಿ ಒಂದು ಮಹಾ ವಿಚಾರಣೆ ಶುರುವಾಯಿತು. ಆರೋಪಿಗಳು 300ಕ್ಕೂ ಹೆಚ್ಚು. ಇರುವ ಕೋರ್ಟು ಸಾಲದೆ ಹೊಸದಾಗಿ ಭದ್ರ ಕಟ್ಟಡವನ್ನೇ ಸಿದ್ಧಪಡಿಸಿದರು. ಪ್ರಕರಣ ನಡೆಸಿದವರು ನಿಕೋಲಾ ಗ್ರಾತ್ತೇರಿ ಅನ್ನುವ ಪ್ರಾಸಿಕ್ಯೂಟರ್. ಅವರು ದಶಕಗಳಿಂದ ಪೊಲೀಸ್ ಕಾವಲಿನಲ್ಲೇ ಬದುಕುತ್ತಿರುವವರು. 2023ರ ನವೆಂಬರ್‌ನಲ್ಲಿ 200ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಆರೋಪಿಗಳ ಪಟ್ಟಿಯಲ್ಲಿ ವಕೀಲರಿದ್ದರು, ರಾಜಕಾರಣಿಗಳಿದ್ದರು, ಸರ್ಕಾರಿ ನೌಕರರಿದ್ದರು, ಪೊಲೀಸರೂ ಇದ್ದರು. ನಾನು ಮೊದಲಿಗೆ ಹೇಳಿದ್ದು ಇದನ್ನೇ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ 2024ರಲ್ಲಿ ತನ್ನ ಖಂಡದ ಅತಿ ಅಪಾಯಕಾರಿ 821 ಜಾಲಗಳನ್ನು ಬಿಡಿಸಿ ನೋಡಿತು. ಅವುಗಳಲ್ಲಿ 86% ಜಾಲಗಳು ಕಾನೂನುಬದ್ಧ ಕಂಪನಿಗಳನ್ನು ಬಳಸುತ್ತಿದ್ದವು.

ಬಂದೂಕೇ ಇಲ್ಲದ ಇಂಥ ವ್ಯವಹಾರವನ್ನು ನಾವೂ ಕಂಡಿದ್ದೇವೆ. ಬಳ್ಳಾರಿಯ ಅದಿರು ಕಾರವಾರದ ಕಡೆ ಲಾರಿಗಳಲ್ಲಿ ಇಳಿದು, ಬೇಲೆಕೇರಿಯಿಂದ ಹಡಗು ಹತ್ತಿದ ಕಾಲ ನೆನಪಿರಬೇಕು. ಜಪ್ತಿ ಮಾಡಿದ ಅದಿರೇ ಬಂದರಿನಿಂದ ಮಾಯವಾಯಿತು! ಪರ್ಮಿಟ್ಟು, ತೂಕದ ಚೀಟಿ, ಸಾಗಣೆ ಕಂಪನಿ, ಅಧಿಕಾರಿಯ ಸಹಿ ಎಲ್ಲವೂ ಆ ಸರಪಳಿಯಲ್ಲಿದ್ದವು. 2011ರ ಲೋಕಾಯುಕ್ತ ವರದಿ ಓದಿದವರಿಗೆ ಇಟಲಿಯ ಕಥೆ ಅಷ್ಟೇನೂ ಹೊಸದು ಅನ್ನಿಸುವುದಿಲ್ಲ.

ದೊಡ್ಡ ಬ್ಯಾಂಕುಗಳು ಏನು ಮಾಡುತ್ತಿದ್ದವು ಅಂತ ನೀವು ಕೇಳಬಹುದು. ಕೆಲವು ಕಣ್ಣು ಮುಚ್ಚಿಕೊಂಡಿದ್ದವು. 2012ರಲ್ಲಿ ಬ್ರಿಟನ್ನಿನ ಎಚ್‌ಎಸ್‌ಬಿಸಿ ಬ್ಯಾಂಕ್ ಅಮೆರಿಕ ಸರ್ಕಾರಕ್ಕೆ 190 ಕೋಟಿ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಮೆಕ್ಸಿಕೊದ ಸಿನಲೋವಾ ಕಾರ್ಟೆಲ್ (ಮಾದಕವಸ್ತು ಜಾಲ) ಮತ್ತು ಕೊಲಂಬಿಯಾದ ಒಂದು ಕಾರ್ಟೆಲ್‌ಗೆ ಸೇರಿದ ಕನಿಷ್ಠ 88 ಕೋಟಿ ಡಾಲರ್ ಆ ಬ್ಯಾಂಕಿನ ಮೂಲಕ ಬಿಳಿಯಾಗಿತ್ತು. ಮೆಕ್ಸಿಕೊದ ಶಾಖೆಗಳಲ್ಲಿ ನೋಟು ತುಂಬಿದ ಪೆಟ್ಟಿಗೆಗಳನ್ನು ಕೌಂಟರ್ ಕಿಟಕಿಯ ಅಳತೆಗೆ ಸರಿಯಾಗಿ ಮಾಡಿಸಿಕೊಂಡು ಬರುತ್ತಿದ್ದರಂತೆ. ಬ್ಯಾಂಕಿನ ಯಾರೊಬ್ಬರೂ ಜೈಲಿಗೆ ಹೋಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೆನಡಾ ಮೂಲದ ಟಿಡಿ ಬ್ಯಾಂಕ್ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 300 ಕೋಟಿ ಡಾಲರ್‌ಗೂ ಹೆಚ್ಚು ದಂಡ ಕಟ್ಟಿತು. ಅಲ್ಲಿ ಒಂದು ತಂಡ ಸಿಬ್ಬಂದಿಗೆ ಸುಮಾರು 57,000 ಡಾಲರ್ ಬೆಲೆಯ ಗಿಫ್ಟ್ ಕಾರ್ಡ್ ಹಂಚಿ 47 ಕೋಟಿ ಡಾಲರ್ ಸಾಗಿಸಿತ್ತು. ಲಂಚದ ಈ ಅಗ್ಗದ ದರ ನೋಡಿ ನನಗೆ ನಾಚಿಕೆಯಾಯಿತು. ನಾನು ಮಾಡುತ್ತಿದ್ದ ಕಸುಬಿನವರೇ ಅಲ್ಲವೇ ಅವರೂ.

ಈಗ ಮಾವನವರ 18 ಲಕ್ಷಕ್ಕೆ ಬರುತ್ತೇನೆ.

ಇದನ್ನು ಮಾಡಿದವರು ಇಟಲಿಯವರಲ್ಲ. ಇಂಥ ಕರೆಗಳಲ್ಲಿ ಬಹಳಷ್ಟು ಬರುವುದು ಆಗ್ನೇಯ ಏಷ್ಯಾದಿಂದ. ಅದರ ಹಿನ್ನೆಲೆ ಹೀಗಿದೆ. ಕಾಂಬೋಡಿಯಾದ ಸಿಹಾನೂಕ್‌ವಿಲ್ ಅನ್ನುವ ಕಡಲೂರಿನಲ್ಲಿ ಚೀನೀ ಗಿರಾಕಿಗಳನ್ನು ನಂಬಿ ಸಾಲುಸಾಲು ಕ್ಯಾಸಿನೊ ಎದ್ದವು. 2019ರಲ್ಲಿ ಆ ದೇಶ ಆನ್‌ಲೈನ್ ಜೂಜಿಗೆ ನಿಷೇಧ ಹಾಕಲು ಹೊರಟಿತು. ಹಿಂದೆಯೇ ಕೊರೊನಾ ಬಂತು. ಕಟ್ಟಡ ಇದೆ, ಇಂಟರ್‌ನೆಟ್ ಇದೆ, ಕಾವಲುಗಾರರಿದ್ದಾರೆ, ಗಿರಾಕಿ ಇಲ್ಲ. ಮಾಲೀಕರು ಮೋಸದ ಕರೆಗಳ ಕಾರ್ಖಾನೆ ಶುರು ಮಾಡಿದರು. ಮ್ಯಾನ್ಮಾರ್‌ನ ಮ್ಯಾವಡಿ ಸುತ್ತಮುತ್ತ, ಥಾಯ್ಲೆಂಡ್ ಗಡಿಯ ಮೋಯಿ ನದಿಯ ದಡದಲ್ಲೂ ಇಂಥವೇ ಎದ್ದವು. ಕೆಕೆ ಪಾರ್ಕ್ ಅನ್ನುವುದು ಅದರಲ್ಲಿ ಕುಖ್ಯಾತ. ಅಲ್ಲಿ ಸರ್ಕಾರದ ಆಳ್ವಿಕೆ ಹೆಸರಿಗೆ ಮಾತ್ರ. ಸಶಸ್ತ್ರ ಗುಂಪುಗಳಿಗೆ ಬಾಡಿಗೆ ಕೊಟ್ಟರೆ ಸಾಕು.

ಫೋನ್ ಮಾಡುವವರು ಯಾರು ಗೊತ್ತಾ? ಹಲವರು ನಮ್ಮ ನಿಮ್ಮ ಮನೆಯ ಹುಡುಗರಂಥವರೇ. ‘ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಒಳ್ಳೇ ಸಂಬಳ, ಊಟ ವಸತಿ ಉಚಿತ’ ಅನ್ನುವ ಜಾಹೀರಾತು ನೋಡಿ ಬ್ಯಾಂಕಾಕ್‌ಗೆ ವಿಮಾನ ಹತ್ತುತ್ತಾರೆ. ಅಲ್ಲಿಂದ ಕಾರಿನಲ್ಲಿ ಗಡಿಯ ಊರು ಮೇ ಸೋತ್, ರಾತ್ರಿ ನದಿ ದಾಟಿದರೆ ಮ್ಯಾನ್ಮಾರ್. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ದಿನಕ್ಕೆ ಇಷ್ಟು ಅಂತ ಟಾರ್ಗೆಟ್. ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. ಬಿಟ್ಟು ಹೋಗಬೇಕೆಂದರೆ ಮನೆಯವರಿಂದ ಹಣ ತರಿಸಬೇಕು, ಇಲ್ಲದಿದ್ದರೆ ಇನ್ನೊಂದು ಕಾಂಪೌಂಡಿಗೆ ಮಾರಾಟ. 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದು ಅಂದಿತು. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಮೇ ಸೋತ್‌ನಿಂದ ಎರಡೇ ದಿನಗಳಲ್ಲಿ 549 ಭಾರತೀಯರನ್ನು ಕರೆತಂದವು. ಎಲ್ಲರೂ ಮುಗ್ಧರು ಅಂತ ನಾನು ಹೇಳುವುದಿಲ್ಲ. ತಿಳಿದೇ ಹೋದವರೂ, ಅಲ್ಲೇ ಮೇಸ್ತ್ರಿಯಾಗಿ ಬೆಳೆದವರೂ ಇರುತ್ತಾರೆ. ಯಾರು ಯಾವ ಕಡೆ ಅಂತ ಬೇರ್ಪಡಿಸುವುದು ತನಿಖೆ ಮಾಡುವವರಿಗೆ ನಿಜವಾದ ಕಷ್ಟ.

ಮೇಲಿನ ಯಜಮಾನರು ಬೇರೆ ಥರದವರು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಕಾಂಬೋಡಿಯಾದ ಪ್ರಿನ್ಸ್ ಗ್ರೂಪ್ ಅಧ್ಯಕ್ಷ ಚೆನ್ ಝಿ ಮೇಲೆ ಆರೋಪಪಟ್ಟಿ ಬಯಲು ಮಾಡಿತು. ಜೊತೆಗೆ 1,27,271 ಬಿಟ್‌ಕಾಯಿನ್ ಮುಟ್ಟುಗೋಲಿಗೆ ಕೋರ್ಟಿಗೆ ಹೋಯಿತು. ಅಂದಿನ ಬೆಲೆ ಸುಮಾರು 1,500 ಕೋಟಿ ಡಾಲರ್. ಆ ಇಲಾಖೆಯ ಇತಿಹಾಸದಲ್ಲೇ ಇಷ್ಟು ದೊಡ್ಡ ಮುಟ್ಟುಗೋಲು ಅರ್ಜಿ ಇರಲಿಲ್ಲ. ಪ್ರಿನ್ಸ್ ಗ್ರೂಪ್ ಅಂದರೆ ಕಾಂಬೋಡಿಯಾದವರಿಗೆ ಬ್ಯಾಂಕು, ರಿಯಲ್ ಎಸ್ಟೇಟು, ಬಹುಮಹಡಿ ಕಟ್ಟಡ. ಗ್ಯಾಂಗ್ ಅನ್ನುವ ಚಿತ್ರ ಯಾರ ತಲೆಯಲ್ಲೂ ಬರುತ್ತಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಹ್ಯುವಾನ್ ಅನ್ನುವ ಇನ್ನೊಂದು ಕಾಂಬೋಡಿಯಾದ ಗುಂಪನ್ನು ಅಮೆರಿಕದ ಖಜಾನೆ ಇಲಾಖೆ ‘ಹಣ ಬಿಳಿ ಮಾಡುವ ವಿಷಯದಲ್ಲಿ ಮುಖ್ಯವಾಗಿ ಕಳವಳ ಹುಟ್ಟಿಸುವ ಸಂಸ್ಥೆ’ ಅಂತ ಗುರುತಿಸಿತು. ಸುಮಾರು ಮೂರೂವರೆ ವರ್ಷದಲ್ಲಿ ಕನಿಷ್ಠ 400 ಕೋಟಿ ಡಾಲರ್ ಕಳ್ಳ ದುಡ್ಡು ಅದರ ಮೂಲಕ ಹೋಗಿತ್ತು. ಇಂಥವರದು ಸೇವೆ ಮಾರುವ ವ್ಯಾಪಾರ. ಒಬ್ಬರು ಕಟ್ಟಡ ಕೊಡುತ್ತಾರೆ, ಒಬ್ಬರು ಸಾಫ್ಟ್‌ವೇರ್, ಒಬ್ಬರು ಆಳುಗಳು, ಒಬ್ಬರು ಹಣ ದಾಟಿಸುವ ಕೆಲಸ. ಹಾಗಾಗಿ ‘ನಡೆಸುವವರು ಯಾರು’ ಅನ್ನುವ ನಿಮ್ಮ ಪ್ರಶ್ನೆಗೆ ಒಂದೇ ಹೆಸರು ಸಿಗುವುದಿಲ್ಲ. ಮಲ್ಪೆ ಮೂಲದ ಭೂಗತ ಪಾತಕಿ ರವಿ ಪೂಜಾರಿ 2019ರಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿ, ಮರುವರ್ಷ ಬೆಂಗಳೂರಿಗೆ ಬಂದಾಗ ಒಂದು ಹೆಸರು, ಒಂದು ಮುಖ ಇತ್ತು. ಹೊಸ ದಂಧೆಯಲ್ಲಿ ಒಬ್ಬ ಸಿಕ್ಕಿಬಿದ್ದರೂ ಉಳಿದವರು ಅವನ ಜಾಗಕ್ಕೆ ಇನ್ನೊಬ್ಬ ಗುತ್ತಿಗೆದಾರನನ್ನು ಹುಡುಕಿಕೊಳ್ಳುತ್ತಾರೆ.

ಆದರೆ ಈ ಸರಪಳಿಯ ಒಂದು ಕೊಂಡಿ ಪೂರ್ತಿ ನಮ್ಮದು. ಮಾವನವರು ಆರ್‌ಟಿಜಿಎಸ್ ಮಾಡಿದ್ದು ನೇರವಾಗಿ ಕಾಂಬೋಡಿಯಾಕ್ಕಲ್ಲ, ಭಾರತದ ಯಾವುದೋ ಊರಿನ ಖಾತೆಗೆ. ಇದನ್ನು ಮ್ಯೂಲ್ ಖಾತೆ ಅನ್ನುತ್ತಾರೆ. ಕಾಲೇಜು ಹುಡುಗ, ವ್ಯಾಪಾರ ನಿಂತುಹೋದ ಅಂಗಡಿಯವನು, ಕೂಲಿಯಾಳು, ಯಾರಾದರೂ ಆಗಬಹುದು. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಕೊಟ್ಟು ಕಮಿಷನ್ ತಗೊಳ್ಳುತ್ತಾರೆ. ಕರೆಂಟ್ ಅಕೌಂಟ್ ಆದರೆ ಬೆಲೆ ಜಾಸ್ತಿ, ಅದರಲ್ಲಿ ದೊಡ್ಡ ಮೊತ್ತ ದಾಟಿದರೂ ತಕ್ಷಣ ಅನುಮಾನ ಬರುವುದಿಲ್ಲ. ಮೊದಲ ಖಾತೆಗೆ ಬಿದ್ದ ಹಣ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಒಡೆದು ಹೋಗುತ್ತದೆ. ಅಲ್ಲಿಂದ ಒಂದಿಷ್ಟು ಎಟಿಎಂನಲ್ಲಿ ನಗದು, ಉಳಿದದ್ದು ಯುಎಸ್‌ಡಿಟಿ. ಇದು ಡಾಲರ್ ಬೆಲೆಗೆ ಕಟ್ಟಿಹಾಕಿದ ಕ್ರಿಪ್ಟೊ. ಬಿಟ್‌ಕಾಯಿನ್‌ನಂತೆ ಏರಿಳಿತ ಇಲ್ಲ, ಅದಕ್ಕೇ ಇವರಿಗೆ ಪ್ರೀತಿ. ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ಭಾರತೀಯರು ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಹಿಂದಿನ ವರ್ಷದ ಮೂರು ಪಟ್ಟು. ಇದು ಅಂದಾಜಲ್ಲ, ದೂರು ಕೊಟ್ಟವರ ಲೆಕ್ಕ. ನಾಚಿಕೆಯಿಂದ ಸುಮ್ಮನಾದವರು ಇದರಲ್ಲಿ ಸೇರಿಲ್ಲ.

ಈ ಕೊಂಡಿ ಕತ್ತರಿಸುವುದು ಸುಲಭವಾ? ಪೂರ್ತಿ ಅಲ್ಲ. ಆದರೆ ಹೊರದೇಶದ ಯಜಮಾನನನ್ನು ಹಿಡಿಯುವುದಕ್ಕಿಂತ ಸುಲಭ. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ಇಂಥ ಖಾತೆಗಳ ವರ್ತನೆ ನೋಡಿ ಪತ್ತೆ ಹಚ್ಚುವ ಮ್ಯೂಲ್‌ಹಂಟರ್ ಅನ್ನುವ ವ್ಯವಸ್ಥೆ ಮಾಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧದ ವ್ಯಾಖ್ಯೆಯಲ್ಲಿ ಸೈಬರ್ ಅಪರಾಧವನ್ನೂ ಸೇರಿಸಿದೆ. ಕರ್ನಾಟಕಕ್ಕೆ ಸಂಘಟಿತ ಅಪರಾಧ ನಿಯಂತ್ರಣದ ‘ಕೋಕಾ’ ಕಾಯ್ದೆ ಮೊದಲಿನಿಂದಲೂ ಇತ್ತು. ಕಾನೂನಿನ ಕೊರತೆ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಕೊರತೆ ಇರುವುದು ದುಡ್ಡಿನ ಬೆನ್ನು ಹತ್ತುವ ಜನರದ್ದು. ಯೂರೋಪಿನಲ್ಲೇ, ಅಷ್ಟೆಲ್ಲ ವ್ಯವಸ್ಥೆ ಇದ್ದೂ, ಅಪರಾಧದ ಗಳಿಕೆಯಲ್ಲಿ ಕೊನೆಗೆ ಮುಟ್ಟುಗೋಲಾಗುವುದು 1.1% ಮಾತ್ರ ಅಂತ ಯೂರೋಪೋಲ್ 2016ರಲ್ಲಿ ಹೇಳಿತ್ತು.

ಇಟಲಿ ಇಲ್ಲಿ ಒಂದು ಹೆಜ್ಜೆ ಮುಂದಿದೆ. ಮಾಫಿಯಾದ ಆಸ್ತಿಗೇ ಕೈ ಹಾಕಬೇಕು ಅಂತ ಮಸೂದೆ ತಂದ ಸಂಸದ ಪಿಯೊ ಲಾ ತೊರೆ. 1982ರ ಏಪ್ರಿಲ್ 30ರಂದು ಸಿಸಿಲಿಯ ಪಲೆರ್ಮೊದಲ್ಲಿ ಅವರನ್ನು ಕೊಂದರು. ಮಾಫಿಯಾವನ್ನು ಹತ್ತಿಕ್ಕಲು ಅಲ್ಲಿಗೆ ಬಂದಿದ್ದ ಪೊಲೀಸ್ ಪಡೆಯ ಜನರಲ್ ದಲ್ಲಾ ಕಿಯೇಸಾ ಅವರನ್ನೂ ಅದೇ ಸೆಪ್ಟೆಂಬರ್‌ನಲ್ಲಿ ಕೊಂದರು. ಅದಾಗಿ ಹತ್ತು ದಿನಗಳಲ್ಲಿ ಮಸೂದೆ ಪಾಸಾಯಿತು. 1996ರ ಇನ್ನೊಂದು ಕಾನೂನು, ಹಾಗೆ ಸಿಕ್ಕ ಮನೆ ಮತ್ತು ಜಮೀನನ್ನು ಸಮಾಜದ ಉಪಯೋಗಕ್ಕೆ ಕೊಡಲು ದಾರಿ ಮಾಡಿತು. ಈಗ ಸಿಸಿಲಿಯ ಕೊರ್ಲಿಯೋನೆ ಊರಿನ ಸುತ್ತ ಮಾಫಿಯಾದ ಹೊಲಗಳಲ್ಲಿ ಸಹಕಾರಿ ಸಂಘಗಳು ಗೋಧಿ ಬೆಳೆಯುತ್ತವೆ. ಹತ್ತು ವರ್ಷ ಜೈಲು ಅಂದರೆ ಹೆದರದ ಯಜಮಾನ, ಮೊಮ್ಮಗನಿಗೆ ಜಮೀನು ಉಳಿಯುವುದಿಲ್ಲ ಅಂದರೆ ಕಂಗಾಲಾಗುತ್ತಾನೆ.

ಕೊನೆಗೆ ನಿಮ್ಮ ಕೈಯಲ್ಲಿ ಆಗುವ ಕೆಲಸ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಹೋದಾಗ ಮೊದಲ ಒಂದೆರಡು ಸುತ್ತಿನ ಖಾತೆಗಳಲ್ಲಿ ಉಳಿದಿದ್ದ ಹಣವನ್ನು ಬ್ಯಾಂಕುಗಳು ತಡೆಹಿಡಿದಿರುತ್ತವೆ. ಎಲ್ಲ ಹೊರದೇಶಕ್ಕೆ ಹೋಯಿತು ಅಂತ ಯಾರಾದರೂ ಬಾಯಿಮಾತಿಗೆ ಹೇಳಿದರೆ ಅಷ್ಟಕ್ಕೇ ಬಿಡಬೇಡಿ. ದೂರಿನ ಸಂಖ್ಯೆ ಹಿಡಿದು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ಯಾವ ಖಾತೆಯಲ್ಲಿ ಎಷ್ಟು ಹಣ ಹೋಲ್ಡ್ ಆಗಿದೆ ಅಂತ ಬರಹದಲ್ಲಿ ಕೇಳಿ. ಸ್ವಲ್ಪವೇ ಇದ್ದರೂ, ಅದನ್ನು ಬಿಡಿಸಿಕೊಡಿ ಅಂತ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿಸಿ. ಮಾವನವರ ಪಾಸ್‌ಬುಕ್ಕಿನ ಆ ದಿನದ ಪುಟ, ಪ್ರತಿ ಹಣ ವರ್ಗಾವಣೆಗೆ ಬ್ಯಾಂಕ್ ಕೊಡುವ ಯುಟಿಆರ್ ನಂಬರುಗಳು, ಎಫ್‌ಐಆರ್ ಪ್ರತಿ ಜೊತೆಯಲ್ಲಿರಲಿ. ಇನ್ನೊಂದು ಮಾತು. ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಫೀಸು ಕಟ್ಟಿ’ ಅಂತ ಈಗ ಅವರಿಗೆ ಫೋನ್ ಬರಬಹುದು. ಮೋಸ ಹೋದವರ ಪಟ್ಟಿಯೂ ಈ ಪೇಟೆಯಲ್ಲಿ ಮಾರಾಟವಾಗುತ್ತದೆ. ಆ ಕರೆ ಬಂದರೆ ನಂಬರ್ ಬರೆದುಕೊಂಡು ಅದೇ ಠಾಣೆಗೆ ಕೊಡಿ.